ವಾರ್ತಾಚಿತ್ರದ ಸಿಪಾಯಿ

ಕಳೆದ ದೀಪಾವಳಿಯ ರಜೆಯಲ್ಲಿ ಔರಾದ ತಾಲೂಕಿನ ನಮ್ಮ ಹಳ್ಳಿಗೆ ಹೋದಾಗ ಎರಡನೆಯ ಮಹಾಯುದ್ಧದ ಕಾಲದ ಕೆಲವು ವಾರ್ತಾಚಿತ್ರಗಳನ್ನು ಮೊಬೈಲಿನಲ್ಲಿ ನಮ್ಮ ಮುತ್ಯಾನಿಗೆ ತೋರಿಸಿದೆ. ತೋಪು, ಟ್ಯಾಂಕುಗಳನ್ನು ಅವನು ಸುಮ್ಮನೆ ನೋಡಿದ. ಸಿಪಾಯಿಗಳು ಹಿಟ್ಟು ನಾದುವ ದೃಶ್ಯ ಬಂದೊಡನೆ, “ಇವರಿಗಿ ಉಣ್ಲಾಕ ಯಾರ್ ಕೊಡ್ತಿದ್ರೋ ತಮ್ಮಾ?” ಎಂದು ಕೇಳಿದ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಐಚ್ಛಿಕ ವಿಷಯ ಇತಿಹಾಸ. ಆದರೂ ಉತ್ತರ ಹೊಳೆಯಲಿಲ್ಲ. ಈ ಲೇಖನಕ್ಕೆ ಆ ಪ್ರಶ್ನೆಯೇ ಮೂಲ.

ದೂರದರ್ಶನವಿಲ್ಲದ ಆ ಕಾಲದಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಕೆಲವು ನಿಮಿಷ ಸುದ್ದಿಯ ಸುರುಳಿಯನ್ನು ತೋರಿಸುತ್ತಿದ್ದರು. ಅದೇ ವಾರ್ತಾಚಿತ್ರ. 1939ರಲ್ಲಿ ವೈಸರಾಯರು ನಮ್ಮ ನಾಯಕರನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಕೇಳದೆ ಹೂಡಿದ ಯುದ್ಧಕ್ಕೆ ಜನರ ಮನಸ್ಸನ್ನು ಒಲಿಸುವುದು ಬೇಡವೇ? 1943ರಲ್ಲಿ ‘ಇನ್‌ಫರ್ಮೇಷನ್ ಫಿಲಂಸ್ ಆಫ್ ಇಂಡಿಯಾ’ ಎಂಬ ಸರಕಾರಿ ಸಂಸ್ಥೆಯೂ ‘ಇಂಡಿಯನ್ ನ್ಯೂಸ್ ಪರೇಡ್’ ಎಂಬ ವಾರ್ತಾಚಿತ್ರವೂ ಹುಟ್ಟಿದವು. ಇವನ್ನು ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಯಿತು. ಇಂಗ್ಲಿಷ್, ಹಿಂದುಸ್ತಾನಿ, ಬಂಗಾಳಿ, ತಮಿಳು, ತೆಲುಗು ಎಂಬ ಐದು ಭಾಷೆಗಳಲ್ಲಿ ಅವು ಹೊರಬರುತ್ತಿದ್ದವು. ಕನ್ನಡಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಲಘು ಪದಾತಿ ದಳದವರು ಇಟಲಿಯಲ್ಲಿ ಕಾದಿದರು, ಕೊಡಗಿನ ತಿಮ್ಮಯ್ಯನವರು ಬರ್ಮಾದ ರಣರಂಗದಲ್ಲಿ ದಳ ನಡೆಸಿದರು. ಕನ್ನಡ ಮಾತ್ರ ಬಲ್ಲ ತಾಯಿಗೆ ಮಗ ಪರದೆಯ ಮೇಲೆ ಕಂಡರೂ ವಿವರಣೆಯ ಮಾತು ತಿಳಿಯುವಂತಿರಲಿಲ್ಲ. 1946ರಲ್ಲಿ ಈ ಸಂಸ್ಥೆಯನ್ನು ಮುಚ್ಚಿದರು. ಹೀಗಾಗಿ 15-8-1947ರ ಸಂಭ್ರಮವನ್ನು ಸೆರೆಹಿಡಿಯಲು ಸರಕಾರಕ್ಕೆ ತನ್ನದೇ ಚಿತ್ರಘಟಕ ಇರಲಿಲ್ಲವೆಂಬುದು ವಿಚಿತ್ರವಾದರೂ ನಿಜ.

ಈಗ ಮುತ್ಯಾನ ಪ್ರಶ್ನೆಗೆ ಬರೋಣ. ಕಾಳಗದ ಚಿತ್ರದಲ್ಲಿ ಅಡುಗೆಗೇನು ಕೆಲಸ? ಕಾರಣ ಕ್ಯಾಮೆರಾದಲ್ಲಿಯೇ ಇದೆ. ರಣರಂಗದಲ್ಲಿ ಬಹಳವಾಗಿ ಬಳಸುತ್ತಿದ್ದ ‘ಐಮೋ’ ಕ್ಯಾಮೆರಾಕ್ಕೆ ಗಡಿಯಾರದಂತೆ ಕೀಲಿ ಕೊಡಬೇಕಾಗಿತ್ತು. ಅದರೊಳಗೆ ಹಿಡಿಯುತ್ತಿದ್ದ ಫಿಲಂ 100 ಅಡಿ. ಒಂದು ಅಡಿಗೆ 16 ಚಿತ್ರ, ಸೆಕೆಂಡಿಗೆ 24 ಚಿತ್ರ ಓಡಿದರೆ ಇಡೀ ಸುರುಳಿ 67 ಸೆಕೆಂಡಿನಲ್ಲಿ ಮುಗಿಯಿತು! ಗುಂಡು ಹಾರುವಾಗ ಛಾಯಾಗ್ರಾಹಕನು ತಲೆ ಎತ್ತುವಂತಿಲ್ಲ. ರಾತ್ರಿಯ ದಾಳಿಗೆ ಬೆಳಕಿಲ್ಲ. ಆದ್ದರಿಂದ ಹಗಲಿನಲ್ಲಿ, ಬಿಡುವಿನಲ್ಲಿ ಸಿಕ್ಕದ್ದನ್ನು ಹಿಡಿಯುತ್ತಿದ್ದರು. ಮರಕ್ಕೆ ಕನ್ನಡಿ ಕಟ್ಟಿ ಗಡ್ಡ ಕೆರೆಯುವವನು, ಹೇಸರಗತ್ತೆಗೆ ಮೇವು ಹಾಕುವವನು, ಮೊಣಕಾಲ ಮೇಲೆ ಕಾಗದವಿಟ್ಟು ಊರಿಗೆ ಪತ್ರ ಬರೆಯುವವನು. ಈ ಕ್ಯಾಮೆರಾಕ್ಕೆ ಕಿವಿಯಿರಲಿಲ್ಲ. ನಾವು ಕೇಳುವ ತೋಪಿನ ಸದ್ದು, ಹಿನ್ನೆಲೆಯ ಗಂಭೀರ ಧ್ವನಿ, ಎಲ್ಲವೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದವು.

ಕಾಳಗ ಸಿಕ್ಕದಿದ್ದರೆ ಕಟ್ಟಿದ್ದೂ ಉಂಟು. 1916ರ ‘ಬ್ಯಾಟಲ್ ಆಫ್ ದ ಸಾಮ್’ ಚಿತ್ರದಲ್ಲಿ ಸೈನಿಕರು ಕಂದಕದಿಂದ ಮೇಲೇರಿ ಧಾವಿಸುವ ಪ್ರಸಿದ್ಧ ದೃಶ್ಯವನ್ನು ರಣರಂಗದ ಹಿಂದಿನ ತರಬೇತಿ ಸ್ಥಳದಲ್ಲಿ ಆಡಿ ತೋರಿಸಿದ್ದು. ಹಿಟ್ಟು ನಾದುವ ಕೈಗಳನ್ನು ಮಾತ್ರ ಹಾಗೆ ನಟಿಸುವುದು ಕಷ್ಟ ಎಂದು ನನ್ನ ಎಣಿಕೆ. ಆದರೂ ಪತ್ರ ಬರೆಯುವವನು ಏನು ಬರೆದನೆಂಬುದು ಚಿತ್ರದಲ್ಲಿಲ್ಲ. ಆ ಪತ್ರವನ್ನೂ, ಈ ಫಿಲಮ್ಮನ್ನೂ ಸೆನ್ಸಾರಿನವರು ನೋಡುತ್ತಿದ್ದರು.

ನಮ್ಮ ಬೀದರಕ್ಕೆ ಸಿಪಾಯಿ ಬಂದದ್ದು 1948ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ನೆನಪು ಇನ್ನೂ ಹಸಿಯಾಗಿತ್ತು. ಸಪ್ಟಂಬರ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಿಜಾಮನ ಸೀಮೆಗೆ ಕಾಲಿಟ್ಟಿತು. 17ರ ಬೆಳಗಿನ ಜಾವ ಬೀದರ ತಲುಪಿತು. 18ರಂದು ನಿಜಾಮನ ಸೇನಾಪತಿ ಎಲ್ ಎದ್ರೂಸ್ ಅವರು ಜನರಲ್ ಚೌಧುರಿಯವರಿಗೆ ಶರಣಾದರು. ಈ ಶರಣಾಗತಿಯ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದರ ನಂತರದ ವಾರಗಳಲ್ಲಿ ಬೀದರ, ಗುಲಬರ್ಗಾ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸೆ ವಾರ್ತಾಚಿತ್ರಗಳ ವಸ್ತುವಾಗಲಿಲ್ಲ. ಪಂಡಿತ ಸುಂದರಲಾಲ್ ಸಮಿತಿಯು ಸತ್ತವರನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕದ್ದು 2013ರಲ್ಲಿ.

ಆಗ ಎಂಟು ವರ್ಷದ ಮುತ್ಯಾ ಬೀದರದಲ್ಲಿ ಸೋದರಮಾವನ ಮನೆಯಲ್ಲಿದ್ದ. ಲಾರಿಯಿಂದಿಳಿದ ಸಿಪಾಯಿಯೊಬ್ಬ ನೀರು ಕೇಳಿದ್ದು, ತಾನು ತಂಬಿಗೆ ತುಂಬಿ ಕೊಟ್ಟದ್ದು, ಅವನು ಮುಖ ತೊಳೆದು ಬಿಸ್ಕೀಟು ಕೊಟ್ಟದ್ದು, ಇಷ್ಟನ್ನು ಎಷ್ಟೋ ಸಲ ಹೇಳಿದ್ದ. ಈ ಸಲ ಚಿತ್ರ ನೋಡಿದ ಮೇಲೆ ಇನ್ನೊಂದು ಮಾತು ಹೇಳಿದ. ಓಣಿಯಲ್ಲಿ ಅವನ ಜೊತೆ ಗೋಲಿ ಆಡುತ್ತಿದ್ದ ಹುಡುಗನ ಮನೆಗೆ ಕೆಲವು ದಿನಗಳ ಮೇಲೆ ಬೀಗ ಬಿದ್ದಿತ್ತಂತೆ. “ಮತ್ತ ಬರಲಿಲ್ಲ,” ಎಂದ. ಎಲ್ಲಿ ಹೋದರೆಂದು ಮಾವನನ್ನು ಕೇಳಿದ್ದಕ್ಕೆ ಏಟು ಬಿತ್ತಂತೆ. ಭಾಲ್ಕಿಯಲ್ಲಿರುವ ನನ್ನ ಅಮ್ಮನ ತವರಿನವರೂ ಆ ದಿನಗಳ ಮಾತೆತ್ತಿದರೆ ಬೇರೆ ಮಾತು ತೆಗೆಯುತ್ತಾರೆ.

ಮುತ್ಯಾ ಹೇಳಿದ್ದನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಎರಡು ಪುಟ ಆಗುವಷ್ಟರಲ್ಲಿ ದನ ಕಟ್ಟುವ ಹೊತ್ತಾಯಿತೆಂದು ಅವನು ಎದ್ದುಹೋದ. ಉಳಿದದ್ದನ್ನು ಯುಗಾದಿಗೆ ಬಂದಾಗ ಹೇಳುವನಂತೆ.