ಬ್ಲಾಕಿಂಗ್ ಪೆಪ್ಟೈಡ್ (ವೃಷಣದ ಹಿಸ್ಟೋನ್ ಎಚ್1ಟಿ)

ಬ್ಲಾಕಿಂಗ್ ಪೆಪ್ಟೈಡ್ ಅಥವಾ ತಡೆ ಪೆಪ್ಟೈಡ್ ಎಂಬುದು ಪ್ರತಿಕಾಯವೊಂದು ಗುರುತಿಸುವ ಪ್ರೋಟೀನ್ ಭಾಗಕ್ಕೆ ಸಮನಾಗಿ ಪ್ರಯೋಗಾಲಯದಲ್ಲಿ ತಯಾರಿಸಿದ ಅಮೈನೋ ಆಮ್ಲಗಳ ಕಿರುಸರಪಳಿ. ಇದನ್ನು ಮೊದಲೇ ಬೆರೆಸಿದರೆ ಪ್ರತಿಕಾಯದ ಬಂಧನ ತಾಣಗಳು ತುಂಬಿಹೋಗುತ್ತವೆ. ಬಳಿಕ ಪ್ರತಿಕಾಯವು ಮಾದರಿಯಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳಲಾರದು. ಪ್ರಯೋಗದಲ್ಲಿ ಕಂಡ ಫಲಿತಾಂಶ ನಂಬಲರ್ಹವೇ ಎಂದು ಪರೀಕ್ಷಿಸಲು ಇದನ್ನು ಬಳಸುತ್ತಾರೆ. ವೃಷಣದ ಹಿಸ್ಟೋನ್ ಎಚ್1ಟಿಯ ಸಂಶೋಧನೆಯಲ್ಲಿ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಎಚ್1ಟಿಯನ್ನು ಹೋಲುವ ಇತರ ಹಿಸ್ಟೋನ್‌ಗಳು ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿ ಇರುವುದೇ ಇದಕ್ಕೆ ಕಾರಣ.

ಹಿನ್ನೆಲೆ

ಹಿಸ್ಟೋನ್‌ಗಳು ಕೋಶಕೇಂದ್ರದಲ್ಲಿ ಡಿಎನ್‌ಎಯನ್ನು ಅಡಕಗೊಳಿಸುವ ಪ್ರೋಟೀನ್‌ಗಳು. ಎಚ್2ಎ, ಎಚ್2ಬಿ, ಎಚ್3 ಮತ್ತು ಎಚ್4 ತಲಾ ಎರಡರಂತೆ ಸೇರಿ ಒಂದು ತಿರುಳನ್ನು ರೂಪಿಸುತ್ತವೆ. ಅದರ ಸುತ್ತ ಸುಮಾರು 147 ಪ್ರತ್ಯಾಮ್ಲ ಜೋಡಿಗಳಷ್ಟು ಡಿಎನ್‌ಎ ಸುತ್ತಿಕೊಂಡಿರುತ್ತದೆ. ಎಚ್1 ಗುಂಪಿನ ಹಿಸ್ಟೋನ್‌ಗಳು ಡಿಎನ್‌ಎ ಈ ತಿರುಳನ್ನು ಸೇರುವ ಮತ್ತು ಬಿಡುವ ಜಾಗದಲ್ಲಿ ನೆಲೆಸುತ್ತವೆ.

ಎಚ್1ಟಿ ಈ ಗುಂಪಿನ ವೃಷಣ-ನಿರ್ದಿಷ್ಟ ರೂಪ. ಮಾನವನಲ್ಲಿ ಇದರ ಜೀನ್ 6ನೆಯ ವರ್ಣತಂತುವಿನಲ್ಲಿದೆ. ಪ್ರೋಟೀನ್ 207 ಅಮೈನೋ ಆಮ್ಲಗಳಷ್ಟು ಉದ್ದವಿದೆ. ವೀರ್ಯಾಣು ಬೆಳೆಯುವಾಗ, ಮಿಯಾಸಿಸ್ ಕೋಶ ವಿಭಜನೆಯ ಪ್ಯಾಕಿಟೀನ್ ಹಂತದಲ್ಲಿ ಇದು ಹೇರಳವಾಗಿ ಕಂಡುಬರುತ್ತದೆ. ಮುಂದಿನ ಹಂತಗಳಲ್ಲಿ ಹಿಸ್ಟೋನ್‌ಗಳ ಬಹುಪಾಲು ಕಳಚಿಹೋಗಿ, ಆ ಸ್ಥಾನಕ್ಕೆ ಮೊದಲು ಟ್ರಾನ್ಸಿಷನ್ ಪ್ರೋಟೀನ್‌ಗಳು, ಬಳಿಕ ಪ್ರೋಟಮೀನ್‌ಗಳು ಬರುತ್ತವೆ. ಆದ್ದರಿಂದ ಜೀವಕೋಶವು ಯಾವ ಹಂತ ತಲುಪಿದೆ ಎಂದು ತಿಳಿಯಲು ಎಚ್1ಟಿಯನ್ನು ಗುರುತಾಗಿ ಬಳಸಲಾಗುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂ. ಆರ್. ಎಸ್. ರಾವ್ ಅವರ ತಂಡವು ವೃಷಣದ ಹಿಸ್ಟೋನ್ ಹಾಗೂ ಟ್ರಾನ್ಸಿಷನ್ ಪ್ರೋಟೀನ್‌ಗಳ ಕುರಿತು ಸಂಶೋಧನೆ ನಡೆಸಿದೆ.

ವಿಧಾನ

ಪ್ರತಿಕಾಯದ ದ್ರಾವಣವನ್ನು ಎರಡು ಸಮಭಾಗಗಳಾಗಿ ಮಾಡಲಾಗುತ್ತದೆ. ಒಂದಕ್ಕೆ ಪೆಪ್ಟೈಡನ್ನು ಪ್ರತಿಕಾಯಕ್ಕಿಂತ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಸೇರಿಸುತ್ತಾರೆ. ಇನ್ನೊಂದಕ್ಕೆ ಬರಿಯ ದ್ರಾವಕವನ್ನು ಸೇರಿಸುತ್ತಾರೆ. ಎರಡನ್ನೂ ಕೊಠಡಿಯ ಉಷ್ಣತೆಯಲ್ಲಿ ಸ್ವಲ್ಪ ಹೊತ್ತು ಅಥವಾ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇರಿಸಿ, ಒಂದೇ ಬಗೆಯ ಮಾದರಿಗಳ ಮೇಲೆ ಪ್ರಯೋಗಿಸುತ್ತಾರೆ. ಪೆಪ್ಟೈಡ್ ಇಲ್ಲದ ಭಾಗದಲ್ಲಿ ಕಂಡು, ಪೆಪ್ಟೈಡ್ ಇರುವ ಭಾಗದಲ್ಲಿ ಮಾಯವಾಗುವ ಪಟ್ಟಿ ಅಥವಾ ಬಣ್ಣವು ಪ್ರತಿಕಾಯದ ಬಂಧನ ತಾಣದಿಂದ ಉಂಟಾದದ್ದು. ಎರಡರಲ್ಲೂ ಉಳಿಯುವಂಥದ್ದು ಹಿನ್ನೆಲೆಯ ಕಲೆ.

ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್ ವಿಧಾನದಲ್ಲಿ ಈ ಹೋಲಿಕೆ ಹೆಚ್ಚು ನೆರವಾಗುತ್ತದೆ. ಎಚ್1ಟಿಯ ತೂಕ ಸುಮಾರು 22 ಕಿಲೋಡಾಲ್ಟನ್. ಆದರೆ ಎಚ್1 ಗುಂಪಿನ ಪ್ರೋಟೀನ್‌ಗಳು ಅಧಿಕ ಧನ ವಿದ್ಯುದಂಶ ಹೊಂದಿರುವುದರಿಂದ ಜೆಲ್‌ನಲ್ಲಿ ನಿಧಾನವಾಗಿ ಸಾಗಿ, ಹೆಚ್ಚು ತೂಕದ ಪ್ರೋಟೀನ್‌ಗಳಂತೆ ತೋರುತ್ತವೆ. ಪಟ್ಟಿಯ ಸ್ಥಾನ ನೋಡಿದ ಮಾತ್ರಕ್ಕೆ ಅದು ಎಚ್1ಟಿ ಹೌದೋ ಅಲ್ಲವೋ ಎಂದು ನಿರ್ಧರಿಸಲಾಗದು.

ಮಿತಿಗಳು

ಪೆಪ್ಟೈಡ್ ಸೇರಿಸಿದಾಗ ಪಟ್ಟಿ ಮಾಯವಾಯಿತೆಂದರೆ ಅದು ಎಚ್1ಟಿಯೇ ಎಂದು ಸಾಬೀತಾದಂತಲ್ಲ. ಎಚ್1 ಗುಂಪಿನ ಪ್ರೋಟೀನ್‌ಗಳ ನಡುಭಾಗ ಬಹುಮಟ್ಟಿಗೆ ಒಂದೇ ಬಗೆಯದು. ಪೆಪ್ಟೈಡನ್ನು ಆ ಭಾಗದಿಂದ ಆರಿಸಿದ್ದರೆ, ಪ್ರತಿಕಾಯವು ಬೇರೆ ಎಚ್1 ಹಿಸ್ಟೋನಿಗೆ ಅಂಟುತ್ತಿದ್ದರೂ ಅದೇ ಪೆಪ್ಟೈಡ್ ಅದನ್ನು ತಡೆಯುತ್ತದೆ. ಪರೀಕ್ಷೆ ಯಶಸ್ವಿಯಾದಂತೆ ಕಂಡರೂ ತೀರ್ಮಾನ ತಪ್ಪಾಗುತ್ತದೆ. ಆದ್ದರಿಂದ ಇತರ ರೂಪಗಳಿಗಿಂತ ಭಿನ್ನವಾದ ತುದಿಭಾಗಗಳಿಂದ ಪೆಪ್ಟೈಡ್ ಆರಿಸುವುದು ಸೂಕ್ತ.

ಇದಕ್ಕಿಂತ ಬಲವಾದ ಪುರಾವೆ ದೊರೆಯುವುದು ಆ ಪ್ರೋಟೀನೇ ಇಲ್ಲದ ಅಂಗಾಂಶದಿಂದ. ಎಚ್1ಟಿ ಜೀನನ್ನು ತೆಗೆದುಹಾಕಿದ ಇಲಿಗಳು ಸಂತಾನಶಕ್ತಿ ಉಳಿಸಿಕೊಂಡಿರುತ್ತವೆ ಎಂಬುದು 2000ದಲ್ಲಿ ಪ್ರಕಟವಾದ ಅಧ್ಯಯನಗಳಿಂದ ತಿಳಿದುಬಂದಿದೆ. ಅಂಥ ಇಲಿಗಳ ವೃಷಣದಲ್ಲೂ ಪ್ರತಿಕಾಯವು ಅದೇ ಪಟ್ಟಿಯನ್ನು ತೋರಿಸಿದರೆ, ಅದು ಎಚ್1ಟಿ ಅಲ್ಲವೆಂಬುದು ಸ್ಪಷ್ಟ. ಹೀಗೆ ಜೀನ್ ರಹಿತ ಅಂಗಾಂಶ, ಯಕೃತ್ತಿನಂತಹ ಬೇರೆ ಅಂಗ ಹಾಗೂ ಸಂಬಂಧವಿಲ್ಲದ ಇನ್ನೊಂದು ಪೆಪ್ಟೈಡ್‌ಗಳನ್ನು ಹೋಲಿಕೆಗೆ ಇಟ್ಟುಕೊಂಡಾಗಲೇ ತಡೆ ಪೆಪ್ಟೈಡ್ ಪರೀಕ್ಷೆಯ ಫಲಿತಾಂಶಕ್ಕೆ ಪೂರ್ಣ ಅರ್ಥ ಬರುತ್ತದೆ.