ಮರೆವು, ಚಂಚಲತೆ ಸೋಮಾರಿತನವಲ್ಲ: ಎಡಿಎಚ್‌ಡಿ, ಒಸಿಡಿಯಲ್ಲಿ ನೆನಪು ಮತ್ತು ಅಭ್ಯಾಸದ ಪಾತ್ರವೇನು?

ನವಿ ಮುಂಬೈ: ಸೀವುಡ್ಸ್‌ನಿಂದ ನಿತ್ಯ ಸಿಎಸ್‌ಎಂಟಿ ಲೋಕಲ್ ಹಿಡಿಯುವವರು ಭಾನುವಾರ ಪನ್ವೇಲ್‌ಗೆ ಹೊರಟರೂ, ಮೈಮರೆತರೆ ಸಿಎಸ್‌ಎಂಟಿ ರೈಲಿನತ್ತಲೇ ಹೆಜ್ಜೆ ಹಾಕುವುದುಂಟು. ಇದು ಕಾಯಿಲೆಯಲ್ಲ, ಅಂದುಕೊಂಡ ಕೆಲಸದ ನೆನಪನ್ನು ಅಭ್ಯಾಸ ಹಿಂದಿಕ್ಕಿದ್ದು ಅಷ್ಟೇ. ಆದರೆ ನೆನಪು ಮತ್ತು ಅಭ್ಯಾಸದ ಏರುಪೇರು ದಿನವೂ ಕಾಡಿದರೆ ಓದು, ಕೆಲಸ, ಸಂಸಾರ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ನೆನಪು ಒಂದೇ ಬಗೆಯದಲ್ಲ

ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಬಳಿಕ ಹೊಸ ಘಟನೆಗಳು ಅವರ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದರಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಘಟನೆಗಳ ನೆನಪು ಬೇರೆ, ಕೈಗೆ ಹತ್ತಿದ ಅಭ್ಯಾಸ ಬೇರೆ ಎಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು.

ಎಡಿಎಚ್‌ಡಿಯಲ್ಲಿ ಆಗುವುದೇನು?

ಮಾಡುತ್ತಿರುವ ಕೆಲಸವನ್ನು ಮನಸ್ಸಿನಲ್ಲಿ ಹಿಡಿದಿಡುವ ತಾತ್ಕಾಲಿಕ ನೆನಪು ಎಡಿಎಚ್‌ಡಿ ಇರುವ ಅನೇಕರಲ್ಲಿ ದುರ್ಬಲವಾಗಿರುತ್ತದೆ. ಪುಸ್ತಕ ತರಲು ಒಳಗೆ ಹೋದ ಮಗು ಆಟಿಕೆ ಹಿಡಿದು ಕೂರುವುದು ಹಟದಿಂದಲೇ ಆಗಬೇಕಿಲ್ಲ. ಪದೇಪದೇ ಬೈದರೆ ಈ ನೆನಪು ಬಲಗೊಳ್ಳದು. ಒಂದು ಸಲಕ್ಕೆ ಒಂದೇ ಸೂಚನೆ, ಗೋಡೆಯ ಮೇಲೊಂದು ಪಟ್ಟಿ, ಬ್ಯಾಗಿಗೆ ನಿಗದಿತ ಜಾಗ ಹೆಚ್ಚು ನೆರವಾಗುತ್ತವೆ. ಅಗತ್ಯವಿದ್ದವರಿಗೆ ವೈದ್ಯರು ಔಷಧಿಯನ್ನೂ ಕೊಡುತ್ತಾರೆ.

ಗ್ಯಾಸ್ ಆರಿಸಿದೆನೇ?

ಒಸಿಡಿಯಲ್ಲಿ ಕಾಟ ಬೇರೆ ರೀತಿಯದು. ಗ್ಯಾಸ್ ಆರಿಸಿದ್ದು ಗೊತ್ತಿದ್ದರೂ ಮತ್ತೆ ಮತ್ತೆ ನೋಡಬೇಕೆನಿಸುತ್ತದೆ. 2003ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಸಂಶೋಧನೆಯೊಂದರಲ್ಲಿ, ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಆರೋಗ್ಯವಂತರಿಂದಲೇ ಪದೇಪದೇ ಪರೀಕ್ಷೆ ಮಾಡಿಸಲಾಯಿತು. ಅವರ ನೆನಪು ತಪ್ಪಾಗಲಿಲ್ಲ, ಆದರೆ ಅದರ ಮೇಲಿನ ನಂಬಿಕೆ ಕುಸಿಯಿತು. ಅಂದರೆ, ನೋಡಿದಷ್ಟೂ ಅನುಮಾನ ಬೆಳೆಯುತ್ತದೆ. ಹಾಗಾಗಿಯೇ ಆತಂಕವಿದ್ದರೂ ಮತ್ತೆ ಪರೀಕ್ಷಿಸದೆ ತಡೆದುಕೊಳ್ಳುವುದನ್ನು ಚಿಕಿತ್ಸೆಯಲ್ಲಿ ಹಂತಹಂತವಾಗಿ ಕಲಿಸುತ್ತಾರೆ.

ಯಾವಾಗ ವೈದ್ಯರನ್ನು ಕಾಣಬೇಕು?

ಮರೆವೆಲ್ಲವೂ ಎಡಿಎಚ್‌ಡಿ ಅಲ್ಲ. ನಿದ್ದೆಗೇಡು, ಖಿನ್ನತೆಯಿಂದಲೂ ಗಮನ ಕುಗ್ಗುತ್ತದೆ. ಎಡಿಎಚ್‌ಡಿ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿ, ಕನಿಷ್ಠ 6 ತಿಂಗಳು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಕಾಣಿಸಿಕೊಂಡಿವೆಯೇ ಎಂದು ವೈದ್ಯರು ನೋಡುತ್ತಾರೆ. ಮೊದಲ ಸಲಹೆಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.