ಮಾದಪ್ಪನ ಬೆಟ್ಟದ ಜಾತ್ರೆ: ಸರದಿ ಸಾಲಿನ ಹಿಂದಿರುವ ಲೆಕ್ಕ

ಶಿವರಾತ್ರಿ ಹತ್ತಿರ ಬಂತೆಂದರೆ ಕೊಳ್ಳೇಗಾಲದ ಬಸ್ ನಿಲ್ದಾಣದ ಚಹರೆಯೇ ಬದಲಾಗುತ್ತದೆ. ಹೆಗಲಿಗೆ ಚೀಲ, ತಲೆಯ ಮೇಲೆ ಅಕ್ಕಿ ಬೇಳೆಯ ಗಂಟು, ಕಂಕುಳಲ್ಲಿ ಕೂಸು. ಬಂದವರೆಲ್ಲರ ಬಾಯಲ್ಲೂ ‘ಉಘೇ ಮಾದಪ್ಪ’ ಎಂಬ ಒಂದೇ ಉದ್ಗಾರ. ಮೈಸೂರು, ಮಂಡ್ಯ, ರಾಮನಗರ, ಬೆಂಗಳೂರು ಕಡೆಯ ಭಕ್ತರು ಇಲ್ಲಿಂದ ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದ ಬುಡ ಸೇರುತ್ತಾರೆ. ಅಲ್ಲಿಂದ ಮುಂದೆ ಕಾಡಿನ ನಡುವೆ ಘಟ್ಟದ ತಿರುವುಗಳ ರಸ್ತೆ. ಕನಕಪುರದ ಕಡೆಯಿಂದ ಕಾವೇರಿ ಹೊಳೆ ದಾಟಿ, ಕಾಡುದಾರಿ ಹಿಡಿದು ನಡೆದೇ ಬರುವವರು ಬೇರೆ. ತಮಿಳುನಾಡಿನವರು ಪಾಲಾರ್ ಮಾರ್ಗವಾಗಿ ಇನ್ನೊಂದು ದಿಕ್ಕಿನಿಂದ ಬರುತ್ತಾರೆ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ ಈ ನಾಲ್ಕೂ ಸಂದರ್ಭಗಳಲ್ಲಿ ಇದೇ ನೋಟ.

ಇಷ್ಟೊಂದು ಜನ ಬೆಟ್ಟದ ಮೇಲಿನ ಒಂದು ಗುಡಿಯ ಬಾಗಿಲಿಗೆ ಬಂದು ಸೇರಿದಾಗ ಏನಾಗುತ್ತದೆ? ಬಾಟಲಿಗೆ ಸೀಮೆಎಣ್ಣೆ ಸುರಿಯುವ ಆಲಿಕೆಯನ್ನು ನೆನೆಸಿಕೊಂಡರೆ ಸಾಕು. ಕೆಳಗಿನ ಕೊಳವೆಯಿಂದ ಇಳಿಯುವುದಕ್ಕಿಂತ ಹೆಚ್ಚು ಮೇಲಿನಿಂದ ಸುರಿದರೆ ಆಲಿಕೆ ತುಂಬುತ್ತದೆ, ಆಮೇಲೆ ಚೆಲ್ಲುತ್ತದೆ. ಎಣ್ಣೆ ಚೆಲ್ಲಿದರೆ ಒರೆಸಬಹುದು. ಜನ ಚೆಲ್ಲಿ ಹೋಗಲು ಜಾಗವಿರುವುದಿಲ್ಲ.

ಒಂದು ಸುಲಭ ಲೆಕ್ಕ ಮಾಡಿ ನೋಡೋಣ. ಅಂಕಿಗಳು ಊಹೆಯವು. ದೇವರ ಮುಂದೆ ಪ್ರತಿಯೊಬ್ಬರೂ ಕೇವಲ 2 ಸೆಕೆಂಡು ನಿಂತರೆಂದುಕೊಳ್ಳಿ. ನಿಮಿಷಕ್ಕೆ 30 ಜನರಂತೆ ಗಂಟೆಗೆ 1800 ಜನರಿಗೆ ದರ್ಶನವಾಗುತ್ತದೆ. ಬೆಟ್ಟಕ್ಕೆ ಗಂಟೆಗೆ 3000 ಜನ ಬರುತ್ತಿದ್ದರೆ ಪ್ರತಿ ಗಂಟೆಗೂ 1200 ಜನ ಉಳಿಯುತ್ತಾರೆ. ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಕಾಯುವವರು 4800. ಒಂದು ಚದರ ಮೀಟರಿಗೆ ಇಬ್ಬರಂತೆ ನಿಲ್ಲಿಸಬೇಕಾದರೆ 2400 ಚದರ ಮೀಟರು ಜಾಗ ಬೇಕು. ಇರುವುದು 800 ಚದರ ಮೀಟರು ಮಾತ್ರವಾದರೆ? ಒಂದೊಂದು ಚದರ ಮೀಟರಿನಲ್ಲಿ ಆರು ಜನ!

ಆರು ಜನ ಎಂದರೆ ಎಷ್ಟು ಇಕ್ಕಟ್ಟು ಎಂಬುದನ್ನು ಮಕ್ಕಳು ಮನೆಯಂಗಳದಲ್ಲೇ ತಿಳಿಯಬಹುದು. ಸೀಮೆಸುಣ್ಣದಿಂದ ಒಂದು ಮೀಟರು ಉದ್ದಗಲದ ಚೌಕ ಬರೆದು, ಒಬ್ಬೊಬ್ಬರಾಗಿ ದೊಡ್ಡವರನ್ನು ಅದರೊಳಗೆ ನಿಲ್ಲಿಸುತ್ತಾ ಹೋಗಬೇಕು. ಇಬ್ಬರಿದ್ದಾಗ ಆರಾಮ. ನಾಲ್ವರಾದಾಗ ಹೆಜ್ಜೆ ಎತ್ತಿಡುವುದು ಕಷ್ಟ. ಆಟ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಆರೇಳು ಜನರಾದರೆ ಯಾರೂ ತಮ್ಮಿಚ್ಛೆಯಂತೆ ಚಲಿಸಲಾರರು. ಇಡೀ ಗುಂಪು ದ್ರವದ ಹಾಗೆ ವರ್ತಿಸತೊಡಗುತ್ತದೆ. ಹಿಂದೆ ಎಲ್ಲೋ ಒಬ್ಬರು ನೂಕಿದರೆ ಆ ಒತ್ತಡ ಅಲೆಯಾಗಿ ಸಾಗಿ ಮುಂದಿನವರನ್ನು ಕಂಬಿಗೆ ಅಪ್ಪಳಿಸುತ್ತದೆ. ಇಂತಹ ಅವಘಡಗಳ ನಂತರ ಬಾಗಿದ ಉಕ್ಕಿನ ಕಂಬಿಗಳನ್ನು ಪರೀಕ್ಷಿಸಿದ ತಜ್ಞರು, ಅವುಗಳ ಮೇಲೆ ಸುಮಾರು 450 ಕಿಲೋ ತೂಕಕ್ಕೆ ಸಮನಾದ ಬಲ ಬಿದ್ದಿತ್ತೆಂದು ಅಂದಾಜು ಮಾಡಿದ್ದಾರೆ.

ಪತ್ರಿಕೆಗಳು ಇದನ್ನು ‘ಕಾಲ್ತುಳಿತ’ ಎನ್ನುತ್ತವೆ. ಜನ ಹುಚ್ಚೆದ್ದು ಓಡಿ ಒಬ್ಬರನ್ನೊಬ್ಬರು ತುಳಿದರೆಂಬ ಭಾವನೆ ಆ ಪದದಿಂದ ಬರುತ್ತದೆ. ಆದರೆ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಉಸಿರುಗಟ್ಟಿ. ಅದೂ ಎಷ್ಟೋ ಸಲ ನಿಂತಲ್ಲೇ. ಎದೆ ಹಿಗ್ಗಲು ಜಾಗವಿಲ್ಲದಿದ್ದರೆ ಶ್ವಾಸಕೋಶಕ್ಕೆ ಗಾಳಿ ಹೋಗುವುದಿಲ್ಲ. ನೂಕುವ ಹಿಂದಿನವರಿಗೆ ಮುಂದೆ ನಡೆಯುತ್ತಿರುವುದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಹಾಗಿರುವಾಗ ಜನರ ಅವಸರವನ್ನಷ್ಟೇ ದೂರುವುದು ಅರ್ಧ ಸತ್ಯ.

2005ರ ಜನವರಿಯಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಂಢರದೇವಿ ಬೆಟ್ಟದ ಜಾತ್ರೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಒಡೆದ ತೆಂಗಿನಕಾಯಿಗಳ ನೀರಿನಿಂದ ಅಲ್ಲಿನ ಮೆಟ್ಟಿಲುಗಳು ಜಾರುತ್ತಿದ್ದವು. ಬೆಟ್ಟದ ಕ್ಷೇತ್ರಗಳಲ್ಲಿ ಮೆಟ್ಟಿಲೇ ದೊಡ್ಡ ಗಂಡಾಂತರ. ಒಂದು ಮೀಟರು ಅಗಲದ ಸಮತಟ್ಟಾದ ದಾರಿಯಲ್ಲಿ ನಿಮಿಷಕ್ಕೆ 82 ಜನ ಸಾಗಬಹುದಾದರೆ, ಅಷ್ಟೇ ಅಗಲದ ಮೆಟ್ಟಿಲಲ್ಲಿ 66 ಜನ ಮಾತ್ರ ಎಂದು ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಮಾರ್ಗದರ್ಶಿ ಹೇಳುತ್ತದೆ. ನಮ್ಮಲ್ಲೇ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ 11 ಜನ ಪ್ರಾಣ ಬಿಟ್ಟರು. ಅದೇ ವರ್ಷ ಜನವರಿ 8ರಂದು ತಿರುಪತಿಯಲ್ಲಿ ಆರು ಮಂದಿ ಸತ್ತದ್ದು ಗುಡಿಯಲ್ಲಲ್ಲ, ದರ್ಶನದ ಟೋಕನ್ ಕೊಡುವ ಜಾಗದಲ್ಲಿ! ನೂಕುನುಗ್ಗಲು ತಪ್ಪಿಸಲೆಂದು ಮಾಡಿದ ಏರ್ಪಾಡೇ ನೂಕುನುಗ್ಗಲಿಗೆ ಕಾರಣವಾಯಿತು.

ಹೀಗಾಗಿ ಗುಡಿಯ ಬಾಗಿಲಲ್ಲಿ ಲಾಠಿ ಹಿಡಿದು ನಿಲ್ಲುವುದರಿಂದ ಪ್ರಯೋಜನ ಕಡಿಮೆ. ಆಲಿಕೆ ತುಂಬಿದ ಮೇಲೆ ಕೊಳವೆಯನ್ನು ಗದರಿಸಿ ಏನು ಫಲ? ಸುರಿಯುವ ಕೈಯನ್ನು ತಡೆಯಬೇಕು. ಆ ಕೈ ಇರುವುದು ತಾಳಬೆಟ್ಟದಲ್ಲಿ, ಕೌದಳ್ಳಿಯಲ್ಲಿ, ಹನೂರಿನಲ್ಲಿ. ಈಚಿನ ವರ್ಷಗಳಲ್ಲಿ ದೊಡ್ಡ ಜಾತ್ರೆಗಳ ದಿನ ದ್ವಿಚಕ್ರ ವಾಹನಗಳನ್ನು ಕೆಳಗೇ ತಡೆದು, ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಜನರನ್ನು ಮೇಲಕ್ಕೆ ಕಳುಹಿಸುವ ಪದ್ಧತಿ ಬಂದಿದೆ. ಇದರಿಂದ ಘಟ್ಟದ ತಿರುವುಗಳಲ್ಲಿ ಅಪಘಾತ ತಪ್ಪುವುದು ಒಂದು ಲಾಭ. ಇನ್ನೊಂದು ಲಾಭ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ: ಬಸ್ಸು ನಲ್ಲಿಯಂತೆ ಕೆಲಸ ಮಾಡುತ್ತದೆ. ಎರಡು ನಿಮಿಷಕ್ಕೊಂದರಂತೆ ಐವತ್ತು ಜನರ ಬಸ್ಸು ಬಿಟ್ಟರೆ ಗಂಟೆಗೆ 1500 ಜನ ಮೇಲೆ ಹೋಗುತ್ತಾರೆ. ಮೇಲೆ 1800 ಜನರಿಗೆ ದರ್ಶನವಾಗುತ್ತಿದ್ದರೆ ಚಿಂತೆಯಿಲ್ಲ. ಮೇಲೆ ಕಟ್ಟಿಕೊಂಡರೆ ಕೆಳಗೆ ಅರ್ಧ ಗಂಟೆ ಬಸ್ಸು ನಿಲ್ಲಿಸಿದರಾಯಿತು. ಆದರೆ ಹಾಗೆ ತಡೆದವರಿಗೆ ಕೆಳಗೆ ನೆರಳು, ಕುಡಿಯುವ ನೀರು, ಶೌಚಾಲಯ ಇರಲೇಬೇಕು. ಇಲ್ಲದಿದ್ದರೆ ಅಪಾಯ ಬೆಟ್ಟದ ಮೇಲಿನಿಂದ ಬುಡಕ್ಕೆ ಇಳಿಯಿತು, ಅಷ್ಟೆ.

ಪಕ್ಕದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಜಾತ್ರೆಗಳಿಗೂ ಈ ಮಾತು ಸಲ್ಲುತ್ತದೆ. ಅದು 2011ರಿಂದ ಹುಲಿ ರಕ್ಷಿತ ಪ್ರದೇಶವೂ ಹೌದು. ಜಾತ್ರೆಗೆಂದು ರಸ್ತೆಯಲ್ಲಿ ವಾಹನ ತಡೆಯುವಾಗ ಅಲ್ಲಿನ ಪೋಡುಗಳಲ್ಲಿ ವಾಸಿಸುವ ಸೋಲಿಗರನ್ನು ಮರೆಯುವಂತಿಲ್ಲ. ಯಾತ್ರಿಕರಿಗೆ ಅದು ಒಂದು ದಿನದ ಪ್ರವಾಸ. ಅವರಿಗೆ ಆಸ್ಪತ್ರೆಗೂ ಶಾಲೆಗೂ ಸಂತೆಗೂ ಹೋಗುವ ದಾರಿ.

ಇಲ್ಲಿಗೆ ನ್ಯಾಯದ ಪ್ರಶ್ನೆ ಬಂತು. ಮೂರು ದಿನ ಕಾಡಿನಲ್ಲಿ ನಡೆದು ಬಂದವನು ಸಾಲಿನಲ್ಲಿ ನಿಂತಿರುತ್ತಾನೆ. ಕಾರಿನಲ್ಲಿ ಬಂದವರು ಪಕ್ಕದ ಬಾಗಿಲಿನಿಂದ ಒಳಗೆ ಹೋಗುವುದನ್ನು ನೋಡುತ್ತಾನೆ. ಸಾಲಿನ ಮೇಲೆ ಅವನಿಗಿದ್ದ ನಂಬಿಕೆ ಆ ಕ್ಷಣ ಹೋಗುತ್ತದೆ. ನೂಕುವುದು ಅಲ್ಲಿಂದಲೇ ಶುರು. ನಿಮಿಷದ 30 ದರ್ಶನಗಳಲ್ಲಿ 15 ವಿಶೇಷ ಟಿಕೆಟಿನವರ ಪಾಲಾದರೆ ಎರಡು ಗಂಟೆ ಕಾಯಬೇಕಾದ ಸಾಮಾನ್ಯರು ನಾಲ್ಕು ಗಂಟೆ ಕಾಯಬೇಕಾಗುತ್ತದೆ. ಟಿಕೆಟಿನ ಹಣದಿಂದಲೇ ದಾಸೋಹ ಮೊದಲಾದ ಸೌಕರ್ಯಗಳು ನಡೆಯುತ್ತವೆ ಎಂಬ ವಾದವಿದೆ. ಉಳಿದ ದಿನಗಳಿಗೆ ಅದನ್ನು ಒಪ್ಪಬಹುದು. ಜಾತ್ರೆಯ ನಾಲ್ಕಾರು ದಿನ ಮಾತ್ರ ಒಂದೇ ಸಾಲು ಇರುವುದು ಕ್ಷೇಮ. ಮುದುಕರಿಗೆ, ಬಸುರಿಯರಿಗೆ, ಹಸುಗೂಸಿನ ತಾಯಂದಿರಿಗೆ ಬೇರೆ ದಾರಿ ಮಾಡಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಕಾರಣ ತಿಳಿದಾಗ ಜನ ತಾವಾಗಿಯೇ ದಾರಿ ಬಿಡುತ್ತಾರೆ. ದೀಪಾವಳಿಯಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದಿಂದ ಕಳಶಗಳಲ್ಲಿ ನೀರು ಹೊತ್ತು ತರುವ ಹಾಲರವಿ ಉತ್ಸವ ನಡೆಯುತ್ತದೆ. ಎಷ್ಟೇ ಜನರಿದ್ದರೂ ಆ ಮಕ್ಕಳಿಗೆ ದಾರಿಯಾಗುತ್ತದೆ. ಅದು ಯಾರ ಸರದಿ, ಏಕೆ ಎಂಬುದು ನೆರೆದವರಿಗೆಲ್ಲ ಗೊತ್ತು. ಸಾಲಿನಲ್ಲೂ ಇಷ್ಟೇ ಬೇಕಾದದ್ದು. ‘ಇಲ್ಲಿಂದ ದರ್ಶನಕ್ಕೆ ಎರಡು ಗಂಟೆ’ ಎಂಬೊಂದು ಫಲಕವಿದ್ದರೂ ಜನರ ಚಡಪಡಿಕೆ ಎಷ್ಟೋ ತಗ್ಗುತ್ತದೆ.

ಇನ್ನು ಮಕ್ಕಳೊಂದಿಗೆ ಹೋಗುವ ಹೆತ್ತವರು ಕೆಲವು ಎಚ್ಚರಗಳನ್ನು ಇಟ್ಟುಕೊಳ್ಳಬೇಕು. ಹಬ್ಬದ ದಿನವೇ ಹೋಗಬೇಕೆಂಬ ಹರಕೆಯಿಲ್ಲದಿದ್ದರೆ ಎರಡು ದಿನ ಬಿಟ್ಟು ಹೋಗುವುದು ಮೇಲು. ಗುಂಪು ಬಿಗಿಯಾಗುತ್ತಿದೆ, ಕೈ ಎತ್ತಲಾಗುತ್ತಿಲ್ಲ ಎನ್ನಿಸಿದ ಕೂಡಲೇ ಅಂಚಿಗೆ ಸರಿಯಬೇಕು. ಎದುರು ಒತ್ತದೆ, ಅಲೆ ಹೋದ ನಂತರ ಓರೆಯಾಗಿ ಒಂದೊಂದೇ ಹೆಜ್ಜೆ. ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ಹಿಡಿದರೆ ಉಸಿರಾಡಲು ತುಸು ಜಾಗ ಉಳಿಯುತ್ತದೆ. ಬಿದ್ದ ಚಪ್ಪಲಿಗಾಗಿ, ಮೊಬೈಲಿಗಾಗಿ ಬಗ್ಗಲೇಬಾರದು. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬೇಕು. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಬಸ್ಸಿಳಿದಾಗಲೇ ಮಕ್ಕಳಿಗೆ ತೋರಿಸಿಡಬೇಕು. ಜನ ಹೆಚ್ಚಾದಾಗ ಮೊಬೈಲ್ ಸಂಪರ್ಕ ಸಿಗದೆ ಹೋಗುವುದುಂಟು. ಆದ್ದರಿಂದ ಮಗುವಿನ ಜೇಬಿನಲ್ಲಿ ಹೆಸರು, ಊರು, ಮನೆಯವರ ದೂರವಾಣಿ ಸಂಖ್ಯೆಯ ಜೊತೆಗೆ ಊರಲ್ಲೇ ಉಳಿದಿರುವ ಒಬ್ಬರ ಸಂಖ್ಯೆಯನ್ನೂ ಬರೆದ ಚೀಟಿ ಇರಲಿ.